ಎಡಗೈಯಲ್ಲಿ ಬರೆದ ಅರ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಮೂವತ್ತಾರು ವರ್ಷ ಫಿಟ್ಟರ್ ಕೆಲಸ ಮಾಡಿದವನು. ಕಬ್ಬಿಣವನ್ನು ಅರದಿಂದ ಉಜ್ಜಿ ಅಳತೆಗೆ ತರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಿವೃತ್ತಿಯಾದ ಮರುವರ್ಷವೇ ಲಕ್ವಾ ಹೊಡೆದು ಬಲಗೈ ಸೋತಿತು. ಕೈಗಿಂತ ಮನಸ್ಸು ಹೆಚ್ಚು ಮುದುಡಿತು. ಯಾರ ಜೊತೆಗೂ ಮಾತಿಲ್ಲ. ಮಗಳು ಹಟ ಹಿಡಿದು ಆಸ್ಪತ್ರೆಯಲ್ಲಿ ಬುಧವಾರ ನಡೆಯುವ, ಚಿತ್ರ ಬರೆಸಿ ಮನಸ್ಸು ಹಗುರ ಮಾಡುವ ಚಿಕಿತ್ಸೆಗೆ ಸೇರಿಸಿದಳು.

ಉದ್ದನೆಯ ಮೇಜು, ಆರು ಜನ, ಮೇಣದ ಬಣ್ಣದ ಕಡ್ಡಿಗಳು. ಹೇಳಿಕೊಡುವ ಮೇಡಂ ಮಗಳ ವಯಸ್ಸಿನವರು.

"ನಿಮ್ಮನ್ನೇ ಬರೀರಿ. ಆದ್ರೆ ಕಣ್ಣು ಮೂಗು ಬೇಡ. ನೀವೊಂದು ವಸ್ತು ಆಗಿದ್ರೆ ಏನಾಗಿರ್ತಿದ್ರಿ, ಅದನ್ನ ಬರೀರಿ."

ಪಕ್ಕದಲ್ಲಿದ್ದ ಬಸ್ ಡ್ರೈವರ್ ಹಾರನ್ ಬರೆದ. "ಮನೇಲಿ ನಾನು ಇದೇ. ಸದ್ದು ಎಲ್ಲರಿಗೂ ಕೇಳತ್ತೆ, ಯಾರೂ ಪಕ್ಕಕ್ಕೆ ಸರಿಯಲ್ಲ" ಅಂದಾಗ ಎಲ್ಲರೂ ನಕ್ಕರು.

ಮಿಲಿಮೀಟರ್ ಎರಡು ವಾರ ಖಾಲಿ ಹಾಳೆ ಕೊಟ್ಟ. ಮೂರನೆಯ ವಾರ ಎಡಗೈಯಲ್ಲಿ ಕಡ್ಡಿ ಹಿಡಿದ. ಮನಸ್ಸು ಏರಿಗೆಳೆದರೆ ಕೈ ನೀರಿಗೆಳೆಯಿತು. ಒಂದು ನೇರ ಗೆರೆಗೆ ಬೆವರಿಬಿಟ್ಟ. ಕೊನೆಗೆ ಸೊಟ್ಟಗೆ ಒಂದು ಅರ ಮೂಡಿತು. ಅದರ ಕೆಳಗೆ ಕಪ್ಪು ಚುಕ್ಕೆಗಳ ಗುಡ್ಡೆ.

"ಇದು ನೀವು. ಈ ಚುಕ್ಕೆಗಳು?" ಮೇಡಂ ಕೇಳಿದರು.

"ಉಜ್ಜಿದಾಗ ಉದುರೋ ಪುಡಿ." ಚುಕ್ಕೆಗಳ ಮೇಲೆ ಬೆರಳಿಟ್ಟು ಅಂದ, "ನನ್ನ ತಮ್ಮ."

ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವನು ಅವನೇ. ತಮ್ಮ ಎಡಚ. ಹದಿನೆಂಟು ತುಂಬಿದಾಗ ಅವನನ್ನು ತನ್ನ ಕೈಕೆಳಗೇ ಕೆಲಸಕ್ಕೆ ಹಾಕಿಸಿದ. ಅರ ಎಡಗೈಗೆ ಹೋದಾಗಲೆಲ್ಲ ಎಲ್ಲರೆದುರೇ ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದ. ಐದು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ತಮ್ಮ ಊಟದ ಡಬ್ಬಿಯನ್ನೂ ಬಿಟ್ಟು ಹೊರಟುಹೋದ. ಬೇರೆ ಊರಿನಲ್ಲಿ ಕುಶನ್ ಹೊಲಿಯುವ ಅಂಗಡಿ ಇಟ್ಟ. ಮದುವೆಗೆ ಕರೆದಿದ್ದ, ಅಣ್ಣ ಹೋಗಲಿಲ್ಲ.

"ಅವನಿಗೆ ಎಷ್ಟು ಕಷ್ಟ ಆಗ್ತಿತ್ತು ಅಂತ ಈಗ ಈ ಕೈ ಹೇಳ್ತಿದೆ ಮೇಡಂ."

ಮೇಡಂ ಬುದ್ಧಿ ಹೇಳಲಿಲ್ಲ. ಹಾಳೆಯನ್ನು ಸುತ್ತಿ ಕೈಗೆ ಕೊಟ್ಟರು.

ಭಾನುವಾರ ಮಗಳ ಜೊತೆ ಬಸ್ಸು ಹತ್ತಿ ತಮ್ಮನ ಅಂಗಡಿಗೆ ಹೋದ. ತಮ್ಮ ಎಡಗೈಯಲ್ಲಿದ್ದ ದಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದ, ಕುರ್ಚಿ ಕೊಟ್ಟ. ಅಣ್ಣ ಹಾಳೆ ಬಿಡಿಸಿ, ತಡೆತಡೆದು ಎಲ್ಲ ಹೇಳಿದ. ತಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದ.

"ಅರ ನೀನೇ ಇರಬಹುದು ಅಣ್ಣ. ಆದ್ರೆ ನಾನು ಪುಡಿ ಅಲ್ಲ. ಮೂರು ಜನಕ್ಕೆ ಕೆಲಸ ಕೊಟ್ಟಿದ್ದೀನಿ, ಇಬ್ಬರು ಮಕ್ಕಳನ್ನ ಬೆಳೆಸಿದ್ದೀನಿ. ನೀನು ಬಂದು ನೋಡ್ಲಿಲ್ಲ, ಅಷ್ಟೇ."

ತಪ್ಪೊಪ್ಪಿಕೊಳ್ಳಲು ಬಂದವನು ಆಗಲೂ ತಮ್ಮನನ್ನು ತನ್ನ ಅಳತೆಗೇ ತಂದಿದ್ದ. ಅದು ಹೊಳೆದು ಅವನ ತಲೆ ಬಾಗಿತು.

ತಮ್ಮನ ಹೆಂಡತಿ ಚಹಾ ಕೊಟ್ಟಳು. ತಮ್ಮ ಬಸ್ ನಿಲ್ದಾಣದವರೆಗೂ ಬಂದು, ತೋಳು ಹಿಡಿದು ಬಸ್ಸು ಹತ್ತಿಸಿದ. ಮತ್ತೆ ಬಾ ಅನ್ನಲಿಲ್ಲ.

ಈಗ ತಮ್ಮ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. "ಕೈ ಹೇಗಿದೆ?" "ಹಾಗೇ ಇದೆ." ಮಾತು ಅಲ್ಲಿಗೇ ಮುಗಿಯುತ್ತದೆ. ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ಕೇಳಬೇಕಿತ್ತು ಅನ್ನುವುದು ಅಣ್ಣನಿಗೆ ನೆನಪಾಗುವುದು ಫೋನ್ ಇಟ್ಟ ಮೇಲೆ.