ಗೋಡೆಗೆ ಹಾಕಿದ ಗ್ಯಾನ್ಸಿ

ಶನಿವಾರ ಹತ್ತು ಗಂಟೆಗೆ ಹಳೆಯ ಅತಿಥಿಗಳು ಹೊರಡಬೇಕು, ನಾಲ್ಕಕ್ಕೆ ಹೊಸಬರು ಬರುತ್ತಾರೆ. ನಡುವಿನ ಆರು ಗಂಟೆ ಡೊರೀನ್ ಕ್ಯಾಮಿಶ್‌ಳದು. ಹಾಬ್‌ವಿಕ್ ಊರಿನಲ್ಲಿ, ದೋಣಿಗಳನ್ನು ನೀರಿಗೆ ಇಳಿಸುವ ಇಳಿಜಾರಿನ ಪಕ್ಕ, ಮೂರನೆಯ ಮನೆ. ರಜೆಗೆ ಬರುವವರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಆ ಮನೆಗೀಗ ‘ಮೀನುಗಾರನ ವಿಶ್ರಾಂತಿ’ ಎಂದು ಹೆಸರು. ಬಾಗಿಲ ಪಕ್ಕದ ಡಬ್ಬಿಯಲ್ಲಿ ನಾಲ್ಕು ಅಂಕಿ ಒತ್ತಿ, ಬೀಗದ ಕೈ ತೆಗೆದುಕೊಂಡು, ಅವಳು ತಾನು ಹುಟ್ಟಿದ ಮನೆಯೊಳಗೆ ಗುಡಿಸಲು ಹೋಗುತ್ತಿದ್ದಳು.

ಅವಳ ಅಪ್ಪ ವಿಲ್ಫ್ ಆ ಮನೆಯಲ್ಲಿ ನಲವತ್ತೊಂದು ವರ್ಷ ಬಾಡಿಗೆಗಿದ್ದ. ಯಜಮಾನ ಸತ್ತ ಮೇಲೆ ಅವನ ಮಕ್ಕಳು ಮನೆ ಮಾರಿದರು. ಖಾಲಿ ಮಾಡಲು ಎರಡು ತಿಂಗಳು ಕೊಟ್ಟರು. ವಿಲ್ಫ್‌ನಿಗೆ ಒಳನಾಡಿನ ಪೇಟೆಯಲ್ಲಿ, ವಯಸ್ಸಾದವರಿಗೆಂದು ಕಟ್ಟಿದ ಫ್ಲ್ಯಾಟ್ ಒಂದು ಸಿಕ್ಕಿತು. ಅದರ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಬಟ್ಟೆ ಒಗೆಯುವ ಕೋಣೆಯ ಬಾಗಿಲ ಹಿಂದೆ ಅವನ ಗ್ಯಾನ್ಸಿ ಉಳಿದುಹೋಯಿತು.

ಗ್ಯಾನ್ಸಿ ಎಂದರೆ ಮೀನುಗಾರರ ಸ್ವೆಟರ್. ಗಾಳಿ ನುಗ್ಗದ ಹಾಗೆ ಒತ್ತಾಗಿ ಹೆಣೆದ ಗಾಢ ನೀಲಿ ಉಣ್ಣೆ, ಎದೆಯ ಮೇಲೆ ಹಗ್ಗದ ಹಾಗೆ ಹುರಿಗಳು, ಕೆಳಅಂಚಿನಲ್ಲಿ ತೊಡುವವನ ಹೆಸರಿನ ಅಕ್ಷರ. ವಿಲ್ಫ್‌ನದನ್ನು ಡೊರೀನಳ ಅಮ್ಮ ಹೆಣೆದಿದ್ದಳು. ಎಡಗಡೆಯ ಒಂದು ಹುರಿ, ಒಂದೇ ಕಡೆ, ತಿರುವುಮುರುವಾಗಿತ್ತು. "ಇಲ್ಲಿ ನೋಡು, ಇಲ್ಲಿ ನಿಮ್ಮಮ್ಮ ಪಕ್ಕದ್ಮನೆಯವಳ ಹತ್ರ ಹರಟೆ ಹೊಡೀತಿದ್ಳು," ಎಂದು ವಿಲ್ಫ್ ಬೆರಳಿಟ್ಟು ತೋರಿಸುತ್ತಿದ್ದ. "ಬಿಚ್ಚಿ ಹಾಕೋದಾದ್ರೆ ನೀವೇ ಹೆಣ್ಕೊಳ್ಳಿ," ಎಂದು ಅಮ್ಮ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು. ಆ ಊರಿನ ಹಳೆಯ ಗಂಡಸರು ಗ್ಯಾನ್ಸಿ ತೊಟ್ಟೇ ಮಣ್ಣು ಸೇರುವುದು. ವಿಲ್ಫ್ ಬೇರೇನನ್ನೂ ಕೇಳಿದವನಲ್ಲ. ಅದೊಂದನ್ನು ಕೇಳಿದ್ದ.

ಡೊರೀನ್ ಮರುದಿನವೇ ಹುಡುಕಲು ಹೋಗಿದ್ದಳು. ರಿಪೇರಿ ಕೆಲಸದವರು, "ಹಳೇದೆಲ್ಲ ಕಸದ ಲಾರಿಗೆ ಹೋಯ್ತಮ್ಮ," ಅಂದರು. ಒಂದು ವರ್ಷದ ಮೇಲೆ, ಹೊಸ ಒಡತಿ ಪೆಟ್ರಾ ಶುಚಿ ಮಾಡುವವರು ಬೇಕೆಂದು ಅಂಗಡಿಯಲ್ಲಿ ಚೀಟಿ ಅಂಟಿಸಿದ್ದನ್ನು ನೋಡಿ ಡೊರೀನ್ ಕೆಲಸಕ್ಕೆ ಸೇರಿದಳು. ಮೊದಲ ದಿನ ಒಳಗೆ ಕಾಲಿಟ್ಟರೆ, ಬೆಂಕಿಗೂಡಿನ ಮೇಲೆ, ಗಾಜಿನ ಚೌಕಟ್ಟಿನೊಳಗೆ ಗ್ಯಾನ್ಸಿ. ಕೆಳಗೆ ಒಂದು ಕಾರ್ಡು: ‘ಹೆಸರು ತಿಳಿಯದ ಮೀನುಗಾರನ ಉಡುಪು’. ಎಡಗಡೆಯ ಹುರಿ ತಿರುವುಮುರುವಾಗಿಯೇ ಇತ್ತು.

ಅವತ್ತೇ ಕೇಳಬೇಕಿತ್ತು. ಮೊದಲ ದಿನವೇ ತಕರಾರು ಬೇಡ ಎಂದು ಮುಂದಿನ ವಾರಕ್ಕೆ ಇಟ್ಟಳು. ಮುಂದಿನ ವಾರ ಪೆಟ್ರಾ ಇನ್ನೂ ಮೂರು ಮನೆಗಳ ಕೆಲಸ ಕೊಟ್ಟಳು. ಆಮೇಲೆ ಕೇಳುವುದು ಇನ್ನಷ್ಟು ಕಷ್ಟವಾಯಿತು. ಭಾನುವಾರ ನೋಡಲು ಹೋದಾಗಲೆಲ್ಲ ಅಪ್ಪ, "ಸಿಕ್ತೇನೇ?" ಅನ್ನುತ್ತಿದ್ದ. "ಇಲ್ಲ ಅಪ್ಪ," ಅನ್ನುತ್ತಿದ್ದಳು. ಹಿಂದಿನ ದಿನ ಅದರ ಗಾಜನ್ನು ತಾನೇ ಒರೆಸಿರುತ್ತಿದ್ದಳು. ಹೀಗೆ ಮೂರು ವರ್ಷ.

ಜುಲೈ ತಿಂಗಳ ಒಂದು ಬುಧವಾರ ವಿಲ್ಫ್ ತೀರಿಕೊಂಡ. ಗುರುವಾರ ಬೆಳಿಗ್ಗೆ ಡೊರೀನ್ ಲೀಡ್ಸ್‌ನಲ್ಲಿದ್ದ ಪೆಟ್ರಾಳಿಗೆ ಫೋನು ಮಾಡಿದಳು.

"ಅಯ್ಯೋ ಡೊರೀನ್, ಪಾಪ! ನಿಮಗೆ ಈ ವಾರ ರಜೆ ಬೇಕಾ?"

"ರಜೆ ಬೇಡ. ಆ ಗ್ಯಾನ್ಸಿ ನಮ್ಮಪ್ಪಂದು. ಅದನ್ನ ಹಾಕಿ ಹೂಳ್ಬೇಕು."

"ಅದು ಅವರದ್ದೇ ಅಂತ ಹೇಗೆ ಹೇಳ್ತೀರಿ?"

"ಅಂಚಿನಲ್ಲಿ ಹೆಸರಿನ ಅಕ್ಷರ ಇರತ್ತೆ."

"ಯಾವ ಅಕ್ಷರಾನೂ ಇಲ್ವಲ್ಲ. ನೀವೇ ವಾರವಾರ ನೋಡ್ತೀರಿ."

ಅದು ನಿಜ. ಚೌಕಟ್ಟಿನೊಳಗೆ ಅಂಚೇ ಕಾಣುತ್ತಿರಲಿಲ್ಲ.

"ಆದರೂ ನಿಮ್ಮ ದುಃಖ ನನಗೆ ಅರ್ಥ ಆಗತ್ತೆ," ಪೆಟ್ರಾ ಮೆತ್ತಗೆ ಅಂದಳು. "ಅತಿಥಿಗಳು ವೆಬ್‌ಸೈಟಲ್ಲಿ ಅದರ ಫೋಟೋ ನೋಡೇ ಬುಕ್ ಮಾಡೋದು. ಸೀಸನ್ ಮುಗೀಲಿ. ನವೆಂಬರಲ್ಲಿ ಕೂತು ಮಾತಾಡೋಣ, ಆಯ್ತಾ?"

"ಮಂಗಳವಾರ ಹೂಳ್ತೀವಿ," ಅಂದಳು ಡೊರೀನ್.

ಪೆಟ್ರಾ ಹೂವು ಕಳಿಸುತ್ತೇನೆ ಅಂದಳು.

ಶನಿವಾರ ಡೊರೀನ್ ಕೆಲಸಕ್ಕೆ ಹೋದಳು. ಜೊತೆಗೆ ಕೆಲಸ ಮಾಡುವ ಪಕ್ಕದ ಬೀದಿಯ ಜ್ಯಾಕಿ ವಿಷಯ ಕೇಳಿ ಬಕೆಟ್ಟು ಕೆಳಗಿಟ್ಟಳು.

"ನವೆಂಬರ್ ತನಕ ನಿಮ್ಮಪ್ಪನ್ನ ಎಲ್ಲಿಟ್ಕೋಬೇಕಂತೆ? ಫ್ರಿಜ್ಜಲ್ಲಾ? ತಗೊಂಡು ಹೋಗೇ ಸುಮ್ನೆ. ನಾನು ಮೇಲೆ ಬಚ್ಚಲು ಉಜ್ತಿರ್ತೀನಿ. ನಂಗೆ ಕಣ್ಣೂ ಇಲ್ಲ, ಕಿವೀನೂ ಇಲ್ಲ."

"ಕೆಲಸ ಹೋಗತ್ತೆ."

"ಹೋಗತ್ತೆ," ಜ್ಯಾಕಿ ಒಪ್ಪಿಕೊಂಡಳು. ಸುಳ್ಳು ಧೈರ್ಯ ಹೇಳುವವಳಲ್ಲ ಅವಳು.

ಡೊರೀನ್ ಮೊದಲು ಹಾಸಿಗೆಗಳ ಹೊದಿಕೆ ಬದಲಿಸಿದಳು. ಅಡಿಗೆಮನೆಯ ಕಟ್ಟೆ ಒರೆಸಿದಳು. ಹೊಸಬರಿಗೆಂದು ಬುಟ್ಟಿಯಲ್ಲಿ ಸ್ಕೋನ್ ಬನ್ನು, ಜಾಮು, ಹಾಲು ಜೋಡಿಸಿದಳು. ಅತಿಥಿಗಳ ಪುಸ್ತಕವನ್ನು ಕಿಟಕಿಯ ಹತ್ತಿರ ನೆಟ್ಟಗೆ ಇಟ್ಟಳು. ಬೆಳಿಗ್ಗೆ ಹೊರಟವರು ಬರೆದಿದ್ದರು: ‘ಎಂಥಾ ನೆಮ್ಮದಿ! ಏನೂ ಮಾಡದೆ ಏಳು ದಿನ ಕಳೆದೆವು. ಹಳೆಯ ಕಾಲದವರ ಬದುಕು ಎಷ್ಟು ನಿರಾಳವಾಗಿತ್ತು ಅನ್ನಿಸಿತು.’ ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಕುರ್ಚಿ ಎಳೆದು, ಹತ್ತಿ, ಚೌಕಟ್ಟನ್ನು ಇಳಿಸಿದಳು.

ಹಿಂಬದಿಯ ಹಲಗೆಯನ್ನು ಬೆಣ್ಣೆ ಸವರುವ ಚಾಕುವಿನಿಂದ ಮೀಟಿದಳು. ಅಂಚನ್ನು ಒಳಕ್ಕೆ ಮಡಿಸಿ ಹೊಲಿದಿದ್ದರು. ಮಡಿಕೆ ಬಿಚ್ಚಿದಾಗ ವಿಲ್ಫ್‌ನ ಎರಡೂ ಅಕ್ಷರಗಳು ನೆಟ್ಟಗೆ ಅಲ್ಲೇ ಇದ್ದವು. ಮಡಿಸಿದವರು ಅವನ್ನು ನೋಡದೆ ಇರಲು ಸಾಧ್ಯವೇ ಇರಲಿಲ್ಲ. ಅವಳು ಗ್ಯಾನ್ಸಿಯನ್ನು ಎತ್ತಿಕೊಂಡಳು. ತೀರಾ ಹಗುರವಾಗಿತ್ತು. ತಿರುಗಿಸಿ ನೋಡಿದಳು. ಬೆನ್ನು ಇರಲಿಲ್ಲ. ಚೌಕಟ್ಟಿಗೆ ದಪ್ಪವಾಗುತ್ತದೆಂದು ಎರಡೂ ಪಕ್ಕ ಕತ್ತರಿಸಿ, ಮುಂದಿನ ಅರ್ಧವನ್ನಷ್ಟೇ ಹಲಗೆಗೆ ಜೋಡಿಸಿದ್ದರು.

ಜ್ಯಾಕಿ ಮೆಟ್ಟಿಲಿಳಿದು ಬಂದು ನೋಡಿದಳು. ತಮಾಷೆ ಮಾಡಲಿಲ್ಲ. "ಸೂಳೆಮಕ್ಕಳು," ಅಂದಳು, ಅಷ್ಟೆ.

ಚೌಕಟ್ಟನ್ನು ಖಾಲಿಯಾಗಿಯೇ ಮತ್ತೆ ಗೋಡೆಗೆ ಹಾಕಿದರು. ಕಾರ್ಡಿನಲ್ಲಿ ‘ಹೆಸರು ತಿಳಿಯದ’ ಎಂಬುದನ್ನು ಡೊರೀನ್ ಪೆನ್ನಿನಿಂದ ಹೊಡೆದುಹಾಕಿ, ಮೇಲೆ ‘ವಿಲ್ಫ್ರೆಡ್ ಕ್ಯಾಮಿಶ್’ ಎಂದು ದುಂಡಗೆ ಬರೆದಳು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬೀಗ ಹಾಕಿ, ಬೀಗದ ಕೈಯನ್ನು ಡಬ್ಬಿಯೊಳಗೆ ಇಟ್ಟಳು.

ಶವಸಂಸ್ಕಾರದ ಕೆಲಸ ನೋಡಿಕೊಳ್ಳುವ ಮುದುಕ ಸ್ಟಾನ್, ವಿಲ್ಫ್‌ನ ಜೊತೆ ದೋಣಿಯಲ್ಲಿ ಹೋಗಿ ಬಂದವನೇ. ಅವಳು ಅರ್ಧ ಗ್ಯಾನ್ಸಿಯನ್ನು ಮೇಜಿನ ಮೇಲೆ ಬಿಡಿಸಿ, ಮುಖ ಎತ್ತದೆ ನಿಂತಳು.

"ಯೋಚನೆ ಮಾಡ್ಬೇಡಮ್ಮ," ಅಂದ ಸ್ಟಾನ್. "ಹೇಗಿದ್ರೂ ನಾವು ಹಿಂದ್ಗಡೆ ಕತ್ತರಿಸೇ ತೊಡಿಸೋದು. ಸೆಟೆದ ಕೈ ಬಗ್ಗಲ್ಲ ನೋಡು. ನೋಡೋಕೆ ಬರೋರಿಗೆ ಮುಂದ್ಗಡೆ ಇದ್ರೆ ಸಾಕು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅದು ಡೊರೀನಳ ಎದೆಯಲ್ಲಿ ಮೀನಿನ ಗಾಳದಂತೆ ಸಿಕ್ಕಿಕೊಂಡಿತು. ಮಂಗಳವಾರ ಊರಿನವರು ಒಬ್ಬೊಬ್ಬರಾಗಿ ಬಂದು ಇಣುಕಿ, "ವಿಲ್ಫ್ ಎಷ್ಟು ಲಕ್ಷಣವಾಗಿ ಕಾಣ್ತಾನೆ," ಅಂದರು. ಅವಳಿಗೆ ಮಾತ್ರ ಅಪ್ಪನ ಬೆನ್ನು ಕಣ್ಣಿಗೆ ಕಟ್ಟಿತ್ತು. ಕಡಲ ಗಾಳಿ ಬೆನ್ನಿಗೇ ಮೊದಲು ಬಡಿಯುವುದೆಂದು ಅವನು ಹೇಳುತ್ತಿದ್ದ. ಮೂರು ವರ್ಷ ಮೊದಲೇ, ಆ ಮೊದಲ ಶನಿವಾರವೇ ಕೇಳಿದ್ದರೂ, ಅಪ್ಪನಿಗೆ ಅರ್ಧವೇ ಸಿಗುತ್ತಿತ್ತು. ಆದರೆ ಅವನು ಬದುಕಿದ್ದಾಗ ಸಿಗುತ್ತಿತ್ತು. ಬೆರಳಿಟ್ಟು ಆ ತಪ್ಪು ಹುರಿಯನ್ನು ಇನ್ನೊಮ್ಮೆ ತೋರಿಸುತ್ತಿದ್ದ.

ಬುಧವಾರ ಪೆಟ್ರಾಳ ಸಂದೇಶ ಬಂತು. ಇನ್ನು ಬರುವುದು ಬೇಡ, ನಾಲ್ಕು ಮನೆಗೂ. ಕೊನೆಯಲ್ಲಿ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ ಎಂದಿತ್ತು.

ಅಕ್ಟೋಬರ್ ಹೊತ್ತಿಗೆ ಡೊರೀನ್ ಪೇಟೆಯ ಶಾಲೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ಸಂಜೆ ಜ್ಯಾಕಿ ಬಂದು ಕೋಟು ಕೂಡ ಬಿಚ್ಚದೆ ಕುಳಿತಳು.

"ಹೇಳ್ಬಾರ್ದು ಅನ್ಕೊಂಡಿದ್ದೆ ಕಣೇ. ಚೌಕಟ್ಟಿಗೆ ಹೊಸ ಗ್ಯಾನ್ಸಿ ಬಂದಿದೆ. ಮಿಷನ್‌ನಲ್ಲಿ ಹೆಣೆದಿದ್ದು. ಕಾರ್ಡು ಹಳೇದೇ, ನೀನು ಬರೆದಿದ್ದು ಹಾಗೇ ಇದೆ. ಅತಿಥಿಗಳಿಗೆ ಹೆಸರು ಇದ್ರೆ ಇನ್ನೂ ಇಷ್ಟ ಆಗತ್ತಂತೆ."

ಡೊರೀನ್ ಚಹಾ ಬಗ್ಗಿಸುವುದನ್ನು ನಿಲ್ಲಿಸಿದಳು.

"ಎಡಗಡೆ ಹುರಿ?"

"ಎಲ್ಲ ನೆಟ್ಟಗಿದೆ," ಅಂದಳು ಜ್ಯಾಕಿ. "ಒಂದೂ ತಪ್ಪಿಲ್ಲ."