ಏರಿನಲ್ಲಿ ಬರುತ್ತಿದ್ದ ಕಟಕಟ

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಅಲ್ಲಿನ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಊರಂಚಿನ ಚಿದ್ರಿಯಲ್ಲಿ ಬಾಡಿಗೆ ಕೋಣೆ. ವಾರಕ್ಕೆ ಎರಡು ದಿನ ಭಾಲ್ಕಿ, ಎರಡು ದಿನ ಔರಾದ. ದವಾಖಾನೆಯ ವ್ಯಾನಿನಲ್ಲಿ ಹೋಗಿ ಬಸುರಿಯರನ್ನೂ ಕೂಸುಗಳನ್ನೂ ನೋಡಿ ಬರಬೇಕು. ಉರ್ದು ಸಾಲಿಯಲ್ಲಿ ಕಲಿತ ನನಗೆ ಹೊಸ ಕನ್ನಡ ಫಾರ್ಮುಗಳನ್ನು ತುಂಬುವುದೇ ಇನ್ನೊಂದು ನೌಕರಿಯಾಗಿತ್ತು. ಸದಾ ನಿದ್ದೆಗೆಟ್ಟ ಮುಖ.

ವ್ಯಾನ್ ನಡೆಸುತ್ತಿದ್ದವರು ಚಿಂತಾಕಿ ಕಡೆಯ ಹಿರಿಯರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಆ ವರ್ಷ ಎಂಜಿನ್ ಬಿಚ್ಚಿಸಿದಾಗ, ಏರು ಹತ್ತಲು ಜೋರು ಬರಲೆಂದು ಯಾರೋ ಅದರ ಹೆಡ್ಡನ್ನು, ಅಂದರೆ ಮೇಲಿನ ಮುಚ್ಚಳವನ್ನು, ಲೇಥಿಗೆ ಕೊಟ್ಟು ತೆಳ್ಳಗೆ ಮಾಡಿಸಿದ್ದರು. ಅಂದಿನಿಂದ ಏರು ಬಂದರೆ ಸಾಕು, ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ.

"ಕಾಕಾ, ಏನೋ ಸಪ್ಪಳ ಬರ್ಲಿಕತ್ತದ್ರಿ."

"ಏನಿಲ್ರಿ ಸಿಸ್ಟರ್. ರೋಡ್ ಖರಾಬ್ ಅದ."

ಮೂರು ವಾರ ಇದೇ ಉತ್ತರ. ಕೊನೆಗೊಂದು ದಿನ ಔರಾದ ದಾಟಿ ಡಾಬಕಾಕ್ಕೆ ಹೋಗುವಾಗ ಏರಿನ ನಡುವೆ ಎಂಜಿನ್ ಕಾದು ನಿಂತಿತು. ಬಿಸಿಲು ಸುಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಷ್ಟು ಸಪ್ಪಳ ನಿಮಗ ಕೇಳ್ಸಲಿಲ್ಲೇನ್ರಿ?"

ಕಾಕಾ ಬಾನೆಟ್ ಎತ್ತಿ ಹಿಡಿದೇ ನಿಂತರು. "ಇಲ್ರಿ. ದಪ್ಪ ಸಪ್ಪಳ ಕೇಳ್ತದ, ಇಂಥ ಸಣ್ಣ ಕಟಕಟ, ಕಿಣಿಕಿಣಿ ಕೇಳ್ಸಂಗಿಲ್ಲ. ಎರಡು ವರ್ಷ ಆಯ್ತು. ಯಾರಿಗೂ ಹೇಳಬ್ಯಾಡ್ರಿ."

ಆಮೇಲೆ ಅವರೇ ನನ್ನನ್ನು ವಿಚಾರಿಸತೊಡಗಿದರು, ಡಾಕ್ಟರು ರೋಗಿಯನ್ನು ಕೇಳಿದಂತೆ. "ಏರಿನಾಗ ಮಾತ್ರ ಬರ್ತದೇನು? ಗೇರ್ ಇಳಿಸಿದ್ರ ನಿಲ್ತದೇನು?"

"ನಿಲ್ತದ್ರಿ."

"ಹಂಗಾರ ಬೇರಿಂಗ್ ಅಲ್ಲ. ಪೆಟ್ರೋಲ್‌ನಾಗ ಸೀಮೆಎಣ್ಣಿ ಕೂಡಿರಬೇಕು, ಇಲ್ಲಾ ಪ್ಲಗ್ಗಿನ ಕಿಡಿ ವ್ಯಾಳ್ಯಾಕ್ಕಿಂತ ಮೊದ್ಲ ಬೀಳ್ಲಿಕತ್ತದ."

ಟ್ಯಾಂಕು ಖಾಲಿ ಮಾಡಿ ಭಾಲ್ಕಿಯಲ್ಲಿ ಬೇರೆ ಪೆಟ್ರೋಲ್ ಹಾಕಿಸಿ ನೋಡಿದೆವು. ಕಟಕಟ ಹೋಗಲಿಲ್ಲ. ಉಳಿದದ್ದು ಕಿಡಿಯ ಟೈಮಿಂಗ್; ಹೆಡ್ಡು ತೆಳ್ಳಗಾದ ಮೇಲೆ ಹಳೆಯದು ಹೊಂದುತ್ತಿರಲಿಲ್ಲ. ಮರುವಾರ ಅದೇ ಏರಿನ ಕೆಳಗೆ ಕಾಕಾ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿದರು. ಏರು ಹತ್ತುವುದು, ನಾನು ಕಿವಿಗೊಟ್ಟು ಹೇಳುವುದು, ಮತ್ತೆ ಇಳಿಯುವುದು. ಹೆಚ್ಚು ತಿರುಗಿಸಿದರೆ ಸದ್ದು ಪೂರ್ತಿ ನಿಲ್ಲುತ್ತಿತ್ತು. ಆದರೆ ವ್ಯಾನ್ ಜೀವವಿಲ್ಲದಂತೆ ಎಳೆಯುತ್ತಿತ್ತು, ನೀರು ಕುದಿಯುತ್ತಿತ್ತು. ಆರನೇ ಸಲ, ಏರಿನ ತುದಿಯಲ್ಲಿ ಎರಡೇ ಎರಡು ಸಲ ಕಟ್ ಅಂದು ಸದ್ದು ನಿಂತಿತು.

"ಇಷ್ಟಿರ್ಲಿ," ಅಂದರು ಕಾಕಾ. ನನಗೆ ತಲೆ ಸಿಡಿಯುತ್ತಿತ್ತು.

ಎರಡು ತಿಂಗಳು ವ್ಯಾನ್ ಚೆನ್ನಾಗಿ ಓಡಿತು. ನಾನು ಯಾರಿಗೂ ಹೇಳಲಿಲ್ಲ. ಹಿಂದೆ ತುಂಬು ಬಸುರಿಯರನ್ನು ಕೂಡಿಸಿಕೊಂಡು ಬರುವಾಗ ಮಾತ್ರ ನನ್ನ ಕಣ್ಣು ರಸ್ತೆ ಬಿಡುತ್ತಿರಲಿಲ್ಲ. ಕಾಕಾರ ಬದಲು ನಾನೇ ಕಿವಿಯಾಗಿ ಕೇಳಿ ಕೇಳಿ ದಣಿದಿದ್ದೆ.

ಒಂದು ದಿನ ಭಾಲ್ಕಿ ರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸುತ್ತ ಅಡ್ಡ ಬಂದ. ಆ ಗಂಟೆ ಕಾಕಾರಿಗೆ ಕೇಳಿಸಲಿಲ್ಲ; ನಾನು ಚೀರಿದೆ. ಕಾಕಾ ಬ್ರೇಕ್ ಒತ್ತಿದರು; ಅವನು ಬೈದು ಹೋದ, ಅಷ್ಟೇ. ಬೀದರ್ ತಲುಪಿದ್ದೇ ಕಾಕಾ ಸೀದಾ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಚಾವಿ ಮೇಜಿನ ಮೇಲಿಟ್ಟು, ಕಿವಿಯ ಸಂಗತಿ ಹೇಳಿದರು. ಅವರಿಗೆ ಔಷಧಿ ಕೋಣೆಯಲ್ಲಿ ಕೆಲಸ ಕೊಟ್ಟರು.

ಮರುವಾರ ಹೊಸ ಡ್ರೈವರ್ ಬಂದ. ಔರಾದ ಬರುವವರೆಗೂ ನಾನು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದೆ. ಎಚ್ಚರಾದಾಗ ಎಷ್ಟು ಹಗುರವೆನಿಸಿತೆಂದರೆ, ನನಗೇ ನಾಚಿಕೆಯಾಯಿತು.