ವಾಲೀಕಾರ ಕಾಕಾನ ‘ಆದೀತು’

ನಮ್ಮೂರ ವಾಲೀಕಾರ ಕಾಕಾನ ಎಡಹೆಗಲು ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು. ಹಲಗೆಯ ಪಟ್ಟಿ ಮೂವತ್ತು ವರ್ಷ ಅಲ್ಲೇ ಉಜ್ಜಿತ್ತು. ತಿಳವಳ್ಳಿಯ ಓಣಿ ಓಣಿಯಲ್ಲಿ ಹಲಗೆ ಬಾರಿಸಿ ಸರಕಾರದ ಹುಕುಂ ಸಾರುವುದು ಅವನ ಚಾಕರಿ.

ಹಾನಗಲ್ಲಿನ ಕಚೇರಿಯಿಂದ ಬಂದ ಹುಕುಮೆಲ್ಲ ‘ಬೇಕು’ ಎಂದೇ ಮುಗಿಯುತ್ತಿತ್ತು. ಗಟಾರ ಸ್ವಚ್ಛ ಮಾಡಬೇಕು, ಗೋಡೆಗೆ ಸುಣ್ಣ ಹಚ್ಚಬೇಕು. ಅದನ್ನು ಗಂಟಲು ಹರಿಯುವಂತೆ ಕೂಗಿ, ಹಲಗೆಯನ್ನು ಬೆನ್ನಿಗೆ ಸರಿಸಿ, ಕಟ್ಟೆಯ ಮೇಲಿನ ಮುದುಕಿಯರಿಗೆ ಮೆಲ್ಲಗೆ ಹೇಳುತ್ತಿದ್ದ: “ಮುಂದಿನ ಗ್ವಾಡಿಗಷ್ಟ ಹಚ್ರಿ ಯವ್ವಾ, ಆದೀತು. ಸಾಹೇಬ ಹಿತ್ತಲಕ್ಕ ಬರಂಗಿಲ್ಲ.” ಊರವರು ಅವನ ‘ಬೇಕು’ ಕೇಳಿ ಬಾಗಿಲು ತೆರೆದು, ‘ಆದೀತು’ಗಾಗಿ ಕಾಯುತ್ತಿದ್ದರು.

ನನಗೆ ಎಂಟು ವರ್ಷವಾದಾಗ ಪ್ಲೇಗು ಬಂತು. ನಮ್ಮ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಸಂಜೆಯೊಳಗೆ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋಗಬೇಕೆಂದು ಕಾಕಾ ಸಾರಿದ. ಅವ್ವ ಆರು ದಿನದ ಬಾಣಂತಿ. ತಮ್ಮನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದಳು.

“ಅಣ್ಣಾ, ಹಸಿ ಮೈ ಐತಿ. ಈ ಥಂಡ್ಯಾಗ ಹೊಲದಾಗ ಹೆಂಗ ಮಲಗಲಿ?”

ಅವನು ಕೂಸಿನ ಮುಖ ನೋಡಿದ. “ನಾಕ ದಿನ ತಡದ ಹೋದ್ರೂ ಆದೀತು ಬಿಡ ತಂಗೀ. ಕಚೇರಿಯವ್ರಿಗೆ ನಾ ಹೇಳ್ತೇನಿ.”

ಅಪ್ಪ ಕಟ್ಟಿದ್ದ ಗಂಟನ್ನು ಬಿಚ್ಚಿದ. ಮೂರನೆಯ ದಿನ ಅವ್ವನ ಕಂಕುಳಲ್ಲಿ ಗಡ್ಡೆ ಎದ್ದಿತು. ಐದನೆಯ ದಿನ ಅವ್ವನೂ ಇಲ್ಲ, ತಮ್ಮನೂ ಇಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಹೊಲಕ್ಕೆ ಹೋದ. ಅಲ್ಲಿ ಗುಡಿಸಲಿನ ಮುಂದೆ ಬಂದು ತಲೆ ತಗ್ಗಿಸಿ ನಿಂತ ಕಾಕಾನಿಗೆ, “ನಿನ್ನ ನಾಲಿಗಿ ಸೇದಿ ಹೋಗ್ಲಿ!” ಎಂದು ಶಾಪ ಹಾಕಿದೆ. ಅವನು ಹೊರಟುಹೋದ.

ಅಲ್ಲಿಂದ ಮುಂದೆ ಅವನ ಬಾಯಲ್ಲಿ ‘ಆದೀತು’ ಎಂಬುದು ಬರಲೇ ಇಲ್ಲ. ಸಾರಿದ್ದನ್ನು ಮಾಡಿಸುವ ತನಕ ಬಾಗಿಲಲ್ಲಿ ನಿಲ್ಲುತ್ತಿದ್ದ. ಜನ ಸರಕಾರದ ನಾಯಿ ಎಂದು ಬೈದರು. ನನಗೆ ಅದು ಕೇಳಿ ಸಂತೋಷವಾಗುತ್ತಿತ್ತು.

ಮೂರು ವರ್ಷಕ್ಕೆ ಮತ್ತೆ ಇಲಿ ಬಿದ್ದವು. ನಾನು ಚಳಿಜ್ವರದಲ್ಲಿ ಮಲಗಿದ್ದೆ. “ಹುಡುಗಿಗೆ ಏಳಾಕ ಆಗವಲ್ದು, ನಾಳೆ ನೋಡೂಣು,” ಎಂದ ಅಪ್ಪ. ಎಂದೂ ನಮ್ಮ ಹೊಸ್ತಿಲು ದಾಟದ ಕಾಕಾ ಅಂದು ಒಳಗೇ ಬಂದ.

“ನಾಳೆ ಇಲ್ರೀ ಧಣ್ಯಾರ. ಈಗ ಹೋಗಬೇಕು.”

ಅಪ್ಪ ಬೈಯುತ್ತಿದ್ದರೂ ನನ್ನನ್ನು ಕೌದಿ ಸಮೇತ ಆ ಜಡ್ಡು ಹೆಗಲಿನ ಮೇಲೆ ಹಾಕಿಕೊಂಡು ಹೊಲದವರೆಗೆ ನಡೆದ. ದಾರಿಯುದ್ದಕ್ಕೂ ನಾನು ಅವನ ಬೆನ್ನಿಗೆ ಗುದ್ದುತ್ತಿದ್ದೆ. ಆ ಸಲ ನಮ್ಮ ಓಣಿಯಲ್ಲಿ ಉಳಿದುಕೊಂಡ ಒಂದೇ ಮನೆಯ ನಾಲ್ವರೂ ಸತ್ತರು.

ಮನೆ ಮನೆ ಹೊಕ್ಕು ಜನರನ್ನು ಹೊರಗೆ ಕರೆತಂದವನನ್ನು ರೋಗ ಬಿಟ್ಟೀತೇ? ಊರಾಚೆ ಹುಣಸೆಮರದ ಕೆಳಗೆ ಒಬ್ಬನೇ ಮಲಗಿದ್ದಾನೆಂದು ಗೊತ್ತಾಯಿತು. ನನಗೆ ಜ್ವರ ಬಿಟ್ಟಿತ್ತು. ಅಪ್ಪನ ಕಣ್ಣು ತಪ್ಪಿಸಿ ಗಂಜಿ ಒಯ್ದೆ. ದೂರದಲ್ಲೇ ನಿಂತು, ಮೂರು ವರ್ಷದ ಮೇಲೆ ಮೊದಲ ಸಲ ಅವನನ್ನು ಮಾತಾಡಿಸಿದೆ.

“ಕಾಕಾ, ಆರಾಮ ಆದೀತು.”

ಅವನು ಮೊಣಕೈ ಊರಿ ತಲೆ ಎತ್ತಿದ. “ಹಂಗನ್ನಬ್ಯಾಡ ಮಗಳ. ಗಂಜಿ ಅಲ್ಲೇ ಇಟ್ಟು ಹೋಗು. ಇನ್ನೊಮ್ಮಿ ಇಲ್ಲಿ ಬರಬಾರ್ದು. ತಿಳೀತೇನು?”

ನಾನು ಮತ್ತೆ ಹೋಗಲಿಲ್ಲ. ಅದಕ್ಕೇ ಇಂದಿಗೂ ಬದುಕಿದ್ದೇನೆ. ಅವನು ಮರುದಿನ ತೀರಿಕೊಂಡ. ಹಾಕಿದ ಶಾಪವನ್ನು ಹಿಂದಕ್ಕೆ ತೆಗೆದುಕೊಂಡೆನೆಂದು ಅವನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ.